ಹೊಸ್ತಿಲಿಗೆ ಹಚ್ಚಿದ ಅರಿಸಿನ

ಈ ಮನೆಯ ಕಿಟಕಿ ಮುರಿದರೂ ನಮಗಿಷ್ಟ ಬಂದಂತೆ ಬದಲಿಸುವಂತಿಲ್ಲ. ಕೌನ್ಸಿಲ್, ಅಂದರೆ ಇಲ್ಲಿನ ಪುರಸಭೆ, ಒಪ್ಪಬೇಕಂತೆ. ಲಂಡನ್ನಿನ ಹ್ಯಾರೋ ಗುಡ್ಡದ ಮೇಲಿನ ಇನ್ನೂರು ವರ್ಷ ಹಳೆಯ ಮನೆ. ಮಾಲಕಿ ಅಜ್ಜಿ ಮೊದಲ ದಿನವೇ ಬಾಗಿಲು, ಕಿಟಕಿ, ಹೊಸ್ತಿಲ ಕಲ್ಲು ತೋರಿಸಿ, "ಇವಕ್ಕೆ ಏನೂ ಆಗಬಾರದು" ಎಂದರು.

ಧಾರವಾಡದಲ್ಲಿ ಬಾಡಿಗೆ ಮನೆ ಕೇಳಿದರೆ ಯಾವ ಪೈಕಿ ಎಂದು ಜಾತಿ ಕೇಳುತ್ತಾರೆ. ಇಲ್ಲಿ ವೀಸಾ, ಸಂಬಳದ ಚೀಟಿ, ಹಿಂದಿನ ಮಾಲೀಕರ ಪತ್ರ. ಹೊಸದಾಗಿ ಬಂದು ವೆಂಬ್ಲಿಯ ಹೋಟೆಲಿನಲ್ಲಿ ಅಡುಗೆಗೆ ಸೇರಿದ ನನ್ನ ಗಂಡನಿಗೆ ಆ ಪತ್ರ ಎಲ್ಲಿಂದ ಬರಬೇಕು? ಎಂಟು ಕಡೆ ಇಲ್ಲ ಎನ್ನಿಸಿಕೊಂಡ ಮೇಲೆ ಸಿಕ್ಕಿದ್ದು ಈ ಅಟ್ಟದ ಕೋಣೆ. ತೊಲೆ ತಲೆಗೆ ಬಡಿಯುತ್ತದೆ, ಗೋಡೆಗೆಲ್ಲ ತೇವ, ಅದಕ್ಕೇ ಅಗ್ಗ. ಒಂದು ತಿಂಗಳು ನೋಡುತ್ತೇನೆ, ಸರಿಹೋಗದಿದ್ದರೆ ಬಿಡಬೇಕು ಎಂದಿದ್ದರು ಕೆಳಗೇ ವಾಸವಿರುವ ಅಜ್ಜಿ.

ಮೊದಲ ಶುಕ್ರವಾರ ಬೆಳಿಗ್ಗೆ ಅವರು ಅಂಗಡಿಗೆ ಹೋಗಿದ್ದರು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಮಿಂದು ಬಂದವಳೇ ಹೊಸ್ತಿಲಿಗೆ ಅರಿಸಿನ ಹಚ್ಚಿ ಕೈಮುಗಿದೆ. ಎದ್ದು ನಿಂತ ಮೇಲೆ ಅದು ಯಾರ ಕಲ್ಲೆಂಬುದು ನೆನಪಾಯಿತು. ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ ಹಳದಿ ಹೋಗಲಿಲ್ಲ.

ಗಂಡ ಕೆಳಗಿಳಿದು ಬಂದವನು ಬೆಚ್ಚಿದ. "ಏನ್ ಮಾಡಿ ಕುಂತಿ ನೀ! ಹೊರಗ ಹಾಕಿದ್ರ ಎಲ್ಲಿಗೆ ಹೋಗೂಣು?"

"ಸಾಬೂನು ಹಚ್ಚಿ ತಿಕ್ಕತೀನಿ, ನೀವು ಸುಮ್ನಿರ್ರಿ."

ಸಾಬೂನು ಸೋಕಿದ್ದೇ ತಡ, ಹಳದಿ ಕೆಂಪಾಯಿತು. ಆರತಿಗೆ ಅರಿಸಿನ, ಸುಣ್ಣ ಕದಡುವಾಗ ಎಷ್ಟೋ ಸಲ ಕಂಡ ಬಣ್ಣ. ಸಾಬೂನೂ ಹಾಗೇ ಮಾಡೀತೆಂದು ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

"ಅಯ್ಯೋ, ರಕ್ತ! ಯಾರಿಗೆ ಪೆಟ್ಟಾಯಿತು?" ಎಂದು ಅಜ್ಜಿ ಕೂಗಿದರು.

"ನನ್ನ ಕಾಲಿಗೆ" ಎಂದುಬಿಟ್ಟೆ.

ಅವರು ಚೀಲ ಅಲ್ಲೇ ಇಟ್ಟು ಓಡಿಹೋಗಿ ಬ್ಯಾಂಡೇಜು ತಂದು ಗಂಡನ ಕೈಗೆ ಕೊಟ್ಟರು. "ಕಲ್ಲಿನ ಮಾತು ಬಿಡು ಮಗಳೇ, ಮೊದಲು ಕಾಲು ನೋಡಿಕೋ" ಎಂದರು. ಆಗಲೇ ನಿಜ ಹೇಳಬಹುದಿತ್ತು. ಅಟ್ಟಕ್ಕೆ ಹೋಗಿ, ಏನೂ ಆಗದ ಬಲಗಾಲಿಗೆ ಪಟ್ಟಿ ಸುತ್ತಿಕೊಂಡೆ. ನಾಚಿಕೆಯಿಂದ ಅಳು ಬಂತು.

ಅಂದಿನಿಂದ ಅವರು ದಿನಾ ಕಾಲು ವಿಚಾರಿಸುತ್ತಾರೆ. ಅವರು ಹೊರಗೆ ಹೋದಾಗ ನೆಟ್ಟಗೆ ನಡೆಯುತ್ತೇನೆ, ಮನೆಯಲ್ಲಿದ್ದಾಗ ಕುಂಟುತ್ತೇನೆ.

ನಿನ್ನೆ ಅವ್ವ ಫೋನ್ ಮಾಡಿದ್ದಳು. ಕೋಣೆಯಲ್ಲಿ ಅತ್ತಿತ್ತ ಓಡಾಡುತ್ತ ಮಾತಾಡುತ್ತಿದ್ದೆ.

"ಹೊಸ ಮನಿ ಹೊಸ್ತಿಲಕ್ಕ ಅರಿಶಿಣ ಹಚ್ಚಿದೇನವಾ?"

"ಹಚ್ಚೀನವ್ವಾ."

"ಹಂಗಾರ ಇನ್ನ ಅದು ನಿಮ್ಮ ಮನಿ ಆತು ಬಿಡು."

ಕೆಳಗೆ ಬಾಗಿಲು ತೆರೆದು ಅಜ್ಜಿ ಒಳಗೆ ಬಂದ ಸಪ್ಪಳವಾಯಿತು. ಅವ್ವನಿಗೆ ಹೂಂಗುಡುತ್ತಲೇ ನಾನು ಬಲಗಾಲು ಎಳೆಯತೊಡಗಿದೆ.