ಮಿಲಿಟರಿ ಚಿಕ್ಕಯ್ಯನ ಮುಯ್ಯಿ

ದೆವ್ವ, ಗಾಳಿ, ಸತ್ತವರು ಬಂದು ಹೋಗುವುದು, ಇಂಥ ಮಾತನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಶುರು ಮಾಡಿದರೆ "ಕೆಲಸ ಇಲ್ವೇನ್ರಲಾ ನಿಮ್ಗೆ" ಎಂದು ಎದ್ದು ಹೋಗುತ್ತಿದ್ದೆ. ಈಗ ಹಾಗನ್ನಲು ನನಗೆ ಬಾಯಿಲ್ಲ. ನಂಬುತ್ತೇನೆ ಎಂದೂ ಹೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ನನ್ನ ಮಾನ ಹೋಗುವ ಭಾಗವೂ ಇದೆ.

ನಮ್ಮೂರು ಹೊಂಗನೂರಿನ ಕಡೆ. ರಾಗಿ, ಹಿಪ್ಪುನೇರಳೆ, ರೇಷ್ಮೆಹುಳು, ಇಷ್ಟೇ ನಮ್ಮ ಬದುಕು. ಊರೆಲ್ಲ ಮಿಲಿಟರಿ ಎಂದು ಕರೆಯುತ್ತಿದ್ದ ಮನುಷ್ಯ ನನ್ನ ಅಪ್ಪನ ತಮ್ಮ, ನನ್ನ ಚಿಕ್ಕಯ್ಯ. ಮೀಸೆ ಮೂಡುವ ಮೊದಲೇ ನೇಗಿಲು ಹಿಡಿದವನು, ಹದಿನೆಂಟಕ್ಕೆ ಸೈನ್ಯಕ್ಕೆ ಸೇರಿದ. ಹಿಮದ ಗಡಿಯಲ್ಲಿದ್ದಾಗಲೂ ಹಬ್ಬಕ್ಕೆ ರಜಾ ಹಾಕಿದವನಲ್ಲ. ರಾಗಿ ಬಿತ್ತನೆಗೆ ಒಂದು ಸಲ, ಕುಯ್ಲಿಗೆ ಒಂದು ಸಲ ಬಂದು ದುಡಿದು ಹೋಗುತ್ತಿದ್ದ. ಪಿಂಚಣಿ ಬಂದ ಮೇಲೂ ಒಂದು ದಿನ ಕಟ್ಟೆಯ ಮೇಲೆ ಕೂತದ್ದನ್ನು ಯಾರೂ ಕಾಣಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿದರೂ ಎಲ್ಲ ಹೊರೆಯೂ ಒಂದೇ ಅಳತೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನಂತೂ ಒಂದೊಂದರ ನಡುವೆ ಒಂದು ಗೇಣು ಬಿಟ್ಟು ಸಾಲಾಗಿ ನಿಲ್ಲಿಸಿ, ತುದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಸೊಟ್ಟ ಇದ್ದರೆ ಮತ್ತೆ ಎತ್ತಿಡುತ್ತಿದ್ದ. ನಾವು ಹಿಂದಿನಿಂದ ನಗುತ್ತಿದ್ದೆವು.

ನಮ್ಮಿಬ್ಬರ ಹೊಲಕ್ಕೂ ಒಂದೇ ಬದು. ಒಂದು ವರ್ಷ ಉಳುವಾಗ ನಾನು ಆ ಬದುವನ್ನು ಮೊಳದಷ್ಟು ಅವನ ಕಡೆಗೆ ತಿಂದೆ. ಬೇಕೆಂದೇ ತಿಂದೆ. ಗಂಡು ಮಕ್ಕಳಿಲ್ಲ, ಹೆಂಡತಿ ತೀರಿಹೋಗಿದ್ದಾಳೆ, ಇದ್ದೊಬ್ಬ ಮಗಳನ್ನು ಹಾರೋಹಳ್ಳಿಗೆ ಕೊಟ್ಟಾಗಿದೆ, ಇವನಿಗೇಕೆ ಅಷ್ಟು ಜಮೀನು ಎಂಬ ದುರಾಸೆ. ಮಾರನೆಯ ದಿನ ಅವನು ಹಗ್ಗ ಹಿಡಿದು ಬಂದ. ನಾಲ್ಕು ಜನರ ಮುಂದೆ ಅಳೆದು ಕಲ್ಲು ನೆಟ್ಟ. "ಬಾರ್ಡರ್ ಕಾದವ್ನು ಕಣ್ಲಾ ನಾನು. ಮೊಳ ಬುಟ್ರೆ ಮಾರು ಹೋಯ್ತದೆ," ಎಂದ. ಜನ ನಕ್ಕರು. ಅಂದಿನಿಂದ ನಾನು ಅವನ ಜೊತೆ ಮಾತು ಬಿಟ್ಟೆ.

ನಮ್ಮಲ್ಲಿ ಮುಯ್ಯಿ ಅಂತ ಇದೆ. ಇವತ್ತು ನಿಮ್ಮ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀವು, ಕೂಲಿಯ ಮಾತಿಲ್ಲ. ರೇಷ್ಮೆಹುಳು ಹಣ್ಣಾಗುವ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಅಣಿಯಾಗುವ ದಿನಕ್ಕಂತೂ ಯಾರೂ ಕರೆಯುವುದಿಲ್ಲ. ಗೊತ್ತಾದವರು ಹೋಗಿ ಕೂರುತ್ತಾರೆ. ಹಣ್ಣಾದ ಹುಳುವನ್ನು ಆ ಹೊತ್ತಿಗೇ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ, ತಿಂಗಳ ದುಡಿಮೆ ತಿಪ್ಪೆಗೆ.

ಜಗಳವಾಗಿ ಎರಡನೆಯ ವರ್ಷ ಚಿಕ್ಕಯ್ಯನ ಹುಳು ಹಣ್ಣಾಯಿತು. ನಾನು ಹೋಗಲಿಲ್ಲ. ಅಷ್ಟೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹೊರಟು ನಿಂತಿದ್ದ ಪಕ್ಕದ ಮನೆಯವರಿಗೆ, "ನೀವ್ಯಾಕೆ ಹೋಯ್ತೀರಿ? ಚನ್ನಪಟ್ಟಣದಿಂದ ಆಳು ಕರ್ಸವ್ನೆ," ಎಂದು ಸುಳ್ಳು ಹೇಳಿದೆ. ಆ ಮಾತು ಬೀದಿಯ ತುದಿಯವರೆಗೂ ಹೋಯಿತು. ಯಾರೂ ಹೋಗಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಒಬ್ಬನೇ ಎಷ್ಟು ಆಯ್ದಾನು? ಮೂರನೆಯ ದಿನ ಅವನು ಕಸದ ಜೊತೆ ಹುಳುವನ್ನೂ ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿಯುವುದನ್ನು ನಾನು ಸೊಪ್ಪಿನ ಮರೆಯಲ್ಲಿ ನಿಂತು ನೋಡಿದೆ. ಯಾರನ್ನೂ ಅವನು ಒಂದು ಮಾತು ಕೇಳಲಿಲ್ಲ.

ಮುಂದಿನ ಬೆಳೆಯ ಹೊತ್ತಿಗೆ, ಒಂದು ಬೆಳಗ್ಗೆ ಸೊಪ್ಪು ಕುಯ್ಯುತ್ತಿದ್ದ ಚಿಕ್ಕಯ್ಯ ಹಾಗೇ ಸಾಲಿನಲ್ಲಿ ಕುಸಿದು ಸತ್ತ. ಸುದ್ದಿ ಬಂದಾಗ ನಾನು ನಮ್ಮ ಹುಳುಮನೆಯಲ್ಲಿದ್ದೆ. ನಮ್ಮ ಹುಳು ಅದೇ ಬೆಳಗ್ಗೆ ಹಣ್ಣಾಗಿತ್ತು. ಹುಳುಗಳು ತಲೆಯೆತ್ತಿ ಆಡಿಸುತ್ತಿದ್ದವು.

ಚಟ್ಟಕ್ಕೆ ಹೆಗಲು ಕೊಟ್ಟವರ ಮನೆಯವರು ಮಾರನೆಯ ದಿನದವರೆಗೆ ಹುಳುಮನೆ ತುಳಿಯಬಾರದು. ಇದು ನಮ್ಮ ಕಡೆಯ ಕಟ್ಟಳೆ. ಗಂಡು ಮಕ್ಕಳಿಲ್ಲದವನಿಗೆ ಮೊದಲ ಹೆಗಲು ಕೊಡಬೇಕಾದವನು ನಾನು. ಊರವರೂ ಸಾವಿನ ಮನೆಯಲ್ಲೇ ಇರುತ್ತಾರೆ, ಮುಯ್ಯಿಗೆ ಯಾರೂ ಬರುವಂತಿಲ್ಲ. ನಾನು ಹೊರಡದೆ ನಿಂತದ್ದನ್ನು ಕಂಡು ಹೆಂಡತಿ, "ಹುಳ ಹಾಳಾಗೋಗ್ಲಿ. ಈಗ್ಲೂ ಹೋಗ್ದಿದ್ರೆ ನೀವು ಮನ್ಸರಲ್ಲ," ಎಂದಳು. ನಾನು ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಹೊರಟೆ. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ.

ಹಾರೋಹಳ್ಳಿಯಿಂದ ಮಗಳು ಬರುವ ತನಕ ಕಾದು, ಸಂಜೆ ಅವನ ಹೊಲದಲ್ಲೇ ಮಣ್ಣು ಮಾಡಿದೆವು. ಮಾರನೆಯ ದಿನ ಬಿಸಿಲು ಬಿದ್ದ ಮೇಲೆ, ಹಾಳಾದದ್ದನ್ನು ಬಾಚಿ ಹಾಕಲು ಮಂಕರಿ ಹಿಡಿದು ನಾನೂ ಹೆಂಡತಿಯೂ ಹೋಗಿ ಬೀಗ ತೆಗೆದೆವು.

ಹುಳು ಸಾಕುವ ತಟ್ಟೆಗಳಲ್ಲಿ ಒಂದು ಹುಳುವೂ ಇರಲಿಲ್ಲ. ಎಲ್ಲವೂ ಚಂದ್ರಿಕೆಯಲ್ಲಿದ್ದವು, ಆಗಲೇ ತೆಳ್ಳಗೆ ಗೂಡು ಸುತ್ತಿಕೊಂಡಿದ್ದವು. ತಾವೇ ಹತ್ತಿದವು ಎನ್ನೋಣವೆಂದರೆ ಚಂದ್ರಿಕೆಗಳನ್ನು ನಾನು ಕೆಳಗಿಳಿಸಿಯೇ ಇರಲಿಲ್ಲ. ಅಟ್ಟದ ಮೇಲೆ ಹಗ್ಗ ಬಿಗಿದು ಪೇರಿಸಿದ್ದೆ. ಈಗ ಅವು ಗೋಡೆಯಿಂದ ಗೋಡೆಯವರೆಗೆ ಸಾಲಾಗಿ ನಿಂತಿದ್ದವು. ಹೆಂಡತಿ ಮಂಕರಿ ಕೆಳಗಿಟ್ಟು, "ಇದು ನಮ್ಮ್ ಕೈ ಅಲ್ಲ," ಎಂದಳು. ನಾನು ನಡುವಿನ ಜಾಗಕ್ಕೆ ಕೈಯಿಟ್ಟು ನೋಡಿದೆ. ಎಲ್ಲ ಕಡೆಯೂ ಒಂದೇ ಗೇಣು. ತುದಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂತು ನೋಡಿದೆ, ಒಂದೂ ಸೊಟ್ಟ ಇರಲಿಲ್ಲ.

ಊರೆಲ್ಲ ವಿಚಾರಿಸಿದೆ. ಎಲ್ಲರೂ ಮಣ್ಣಿಗೆ ಬಂದಿದ್ದವರೇ. ಮುದುಕಿಯರು, ಬಾಣಂತಿ ಬಿಟ್ಟರೆ ಮನೆಯಲ್ಲಿ ಉಳಿದವರಿಲ್ಲ. ಕೀಲಿ ಒಂದೇ, ಅದು ನನ್ನ ಸೊಂಟದಲ್ಲಿತ್ತು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹಾಕಿದೆ. ಒಳ್ಳೆ ಗೂಡು ಎಂದು ಹೊಗಳಿದರು. ಆ ಹೊಗಳಿಕೆ ಚಪ್ಪಲಿಯಲ್ಲಿ ಹೊಡೆದ ಹಾಗಿತ್ತು.

ತಿಥಿಯ ದಿನ ಊಟವಾದ ಮೇಲೆ ಚಿಕ್ಕಯ್ಯನ ಮಗಳು ನನ್ನ ಹತ್ತಿರ ಬಂದು ಕೂತಳು. "ಅಣ್ಣ, ಹೋದ್ಸಲ ಹುಳ ಹಣ್ಣಾದಾಗ ನಮ್ಮಪ್ಪ ಫೋನ್ ಮಾಡಿತ್ತು. ಊರಲ್ಲಿ ಒಬ್ರೂ ಬರ್ನಿಲ್ವಂತೆ, ನೀನೊಬ್ನೇ ಬಂದು ಹೊತ್ತು ಮುಳುಗೋಗಂಟ ಆಯ್ದು ಕೊಟ್ಟೆಯಂತೆ. 'ನಮ್ ಹೈದ ಬಂದ ಕಣವ್ವ, ಇನ್ ಯಾರೂ ಬ್ಯಾಡ' ಅಂತ ಅತ್ಬುಡ್ತು," ಎಂದಳು. ಹೇಳುತ್ತ ಕೈ ಮುಗಿದಳು.

ನಾನು ಹೂಂ ಎಂದೆ. ನಾಯಿಯೂ ಆ ಹೊತ್ತಿನಲ್ಲಿ ಹೂಂ ಅನ್ನುತ್ತಿರಲಿಲ್ಲ.

ಮಗಳು ನನ್ನನ್ನು ದ್ವೇಷಿಸದಿರಲಿ ಎಂದು ಅವನು ಸುಳ್ಳು ಹೇಳಿದನೇ? ಸುಳ್ಳಾದರೆ ಅಳುವುದೇಕೆ? ಅಥವಾ ಆ ದಿನ ಅವನ ಹುಳುಮನೆಯಲ್ಲಿ ನನ್ನ ಹಾಗೆ ಯಾರಾದರೂ ಕೂತಿದ್ದರೇ? ಕೂತಿದ್ದರೆ ಅವನು ಗುಂಡಿಗೆ ಸುರಿದದ್ದೇನು? ವರ್ಷಗಳಿಂದ ಲೆಕ್ಕ ಹಾಕುತ್ತಿದ್ದೇನೆ, ಬಗೆಹರಿದಿಲ್ಲ. ನಮ್ಮ ಹುಳುಮನೆಗೆ ಬಂದವರು ಯಾರೆಂಬುದನ್ನು ಬೇಕಾದರೆ ಬಿಟ್ಟುಬಿಡುತ್ತೇನೆ. ಅವನ ಹುಳುಮನೆಗೆ ಬಂದವರು ಯಾರೆಂದು ಯಾರಾದರೂ ಹೇಳಿದರೆ ಸಾಕು. ನಾನಂತೂ ಹೋಗಿರಲಿಲ್ಲ.