ಮುನಿಕೆಂಪಮ್ಮ ಮಿಷನ್ನಿನ ನಾಡಿ ಹಿಡಿದದ್ದು

ಅಬ್ಬಿಗೆರೆಯ ಆ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಮುನಿಕೆಂಪಮ್ಮ ಆಯಾ ಆಗಿ ಇಪ್ಪತ್ತೆರಡು ವರ್ಷ. ಡಾಕ್ಟರುಗಳು ಬದಲಾದರು, ಮಂಚಗಳು ಬದಲಾದವು. ಆಕೆಯ ಒಂದು ಚಾಳಿ ಮಾತ್ರ ಬದಲಾಗಲಿಲ್ಲ. ಹೆರಿಗೆ ನೋವು ತಿನ್ನುವ ಹೆಣ್ಣಿನ ಪಕ್ಕ ಕುಳಿತರೆ ಅವಳ ಮಣಿಕಟ್ಟು ಹಿಡಿದೇ ಕೂರುವುದು. ಹೆಂಗಸರು ಅದನ್ನು ಅಕ್ಕರೆ ಅಂದುಕೊಳ್ಳುತ್ತಿದ್ದರು. ಅಕ್ಕರೆಯೂ ಹೌದು, ಒಳಗೊಳಗೇ ನಾಡಿ ಎಣಿಸುವುದೂ ನಡೆಯುತ್ತಿತ್ತು.

ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ತೋರಿಸುವ ಮಿಷನ್ನಿನ ಜೊತೆ ಆಕೆಯದು ಓರಗಿತ್ತಿಯ ಸಂಬಂಧ. ಕೆಲಸ ಹಂಚಿಕೊಳ್ಳಬೇಕು, ಹೇಳಿದ್ದನ್ನೆಲ್ಲ ನಂಬಬಾರದು.

ಮೊನ್ನೆ ಬಾಗಲೂರಿನ ರಾಣಿ ಚೊಚ್ಚಲ ಹೆರಿಗೆಗೆ ಬಂದಳು. ಹೊಟ್ಟೆಗೆ ಪಟ್ಟಿ ಕಟ್ಟಿದಾಗ ಮಿಷನ್ನು ನೂರ ನಲವತ್ತು ತೋರಿಸಿತು. ಅವಳು ಮಗ್ಗುಲು ಬದಲಿಸಿದ್ದೇ ತಡ, ತೊಂಬತ್ತೆರಡಕ್ಕೆ ಇಳಿಯಿತು. ಹೊಸ ಡಾಕ್ಟರ್ ಮಹತಿಯ ಮುಖವೂ ಇಳಿಯಿತು.

"ಮಗೂಗೆ ಸುಸ್ತಾಗ್ತಿದೆ. ಆಪರೇಷನ್‌ಗೆ ರೆಡಿ ಮಾಡಿ."

ರಾಣಿಯ ಕಣ್ಣು ತುಂಬಿತು. ಅವಳ ಮಣಿಕಟ್ಟು ಹಿಡಿದಿದ್ದ ಮುನಿಕೆಂಪಮ್ಮನ ಬೆರಳಡಿಯ ನಾಡಿ ಮಿಷನ್ನಿನ ತಾಳದಲ್ಲೇ ಬಡಿಯುತ್ತಿತ್ತು. ಆಕೆಗೆ ಅನುಮಾನ ಬಂತು. ಹೇಳಿದರೆ ಆಯಾ ಮಾತು ಯಾರು ಕೇಳುತ್ತಾರೆ? ತೋರಿಸಬೇಕು.

"ಡಾಕ್ಟ್ರಮ್ಮ, ಆ ನಂಬರ್ ಮೇಲೆ ಒಂದ್ ಕಣ್ಣಿಡಿ," ಅಂದು ರಾಣಿಯತ್ತ ಬಾಗಿದಳು. "ಏ ರಾಣಿ, ಆಚೆ ನಿಮ್ಮತ್ತೆ ಬಂದವ್ರೆ. ಒಳಕ್ ಬಂದು ನಾನೇ ನಿಂತ್ಕೊಂಡು ಎರಿಗೆ ಮಾಡುಸ್ತೀನಿ ಅಂತವ್ರೆ."

ತೊಂಬತ್ತೆರಡು ನೂರಾಯಿತು, ನೂರ ಹದಿನೆಂಟಾಯಿತು.

"ಸುಳ್ಳು ಕಣವ್ವ. ಅವ್ರಿನ್ನೂ ಯಲಹಂಕ ಟ್ರಾಫಿಕ್ಕಲ್ಲವ್ರೆ."

ಅಂಕಿ ಮೆಲ್ಲಗೆ ಇಳಿಯಿತು.

"ನೋಡುದ್ರಾ? ಮಗೀಗೆ ಅತ್ತೆ ಭಯ ಬರಕ್ಕೆ ಇನ್ನೂ ಇಪ್ಪತ್ತೈದ್ ವರ್ಸ ಐತೆ. ಈ ಮಿಷನ್ನು ತಾಯಿ ಗುಂಡಿಗೆ ಕೇಳ್ತಾ ಐತೆ."

ಮಹತಿ ರಾಣಿಯ ಇನ್ನೊಂದು ಕೈ ಹಿಡಿದು ಎಣಿಸಿದಳು. ಅದೇ ಲೆಕ್ಕ. ಪಟ್ಟಿ ಸಡಿಲಿಸಿ, ಅದರಡಿಯ ಎದೆಬಡಿತ ಹಿಡಿಯುವ ಬಿಲ್ಲೆಯನ್ನು ಎರಡು ಬೆರಳು ಕೆಳಗೆ ಸರಿಸಿದಳು. ನೂರ ನಲವತ್ನಾಲ್ಕು, ಮಗು ತನ್ನ ಪಾಡಿಗೆ ತಾನು ಜೋರಾಗಿಯೇ ಇತ್ತು.

"ನಿಮ್ಮ ಅನುಮಾನ ತಪ್ಪಾಗಿದ್ರೆ?"

"ನಾನೇ ಸ್ಟ್ರೆಚರ್ ತಳ್ತಿದ್ದೆ. ಓದ್ ವರ್ಸ ಇನ್ನೊಬ್ಳಿಗೂ ಈ ಮಿಷನ್ನು ಇಂಗೇ ತೋರುಸ್ತು. ಆವಾಗ ತಾಯಿ ನಾಡಿ ಬ್ಯಾರೆ ಇತ್ತು, ನಿಜವಾಗ್ಲೂ ಮಗೀಗೇ ಕಷ್ಟ. ಎಲ್ಲರ್ಗಿಂತ ಮುಂಚೆ ಓಡಿದ್ದು ನಾನೇ."

ಮಹತಿ ನಾಡಿ ಅಳೆಯುವ ಕ್ಲಿಪ್ಪು ತಂದು ರಾಣಿಯ ಬೆರಳಿಗೆ ಹಾಕಿದಳು. "ಇನ್ಮೇಲೆ ಎರಡೂ ಅಂಕಿ ಒಟ್ಟಿಗೆ ಕಾಣ್ಲಿ."

ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಇಲ್ಲದೆ ಹೆಣ್ಣುಮಗು ಹುಟ್ಟಿ, ಸೂರು ಕಿತ್ತುಹೋಗುವಂತೆ ಅತ್ತಿತು. ಅದರ ಹಿಂದೆಯೇ ಬಾಗಿಲು ತೆರೆದು ರಾಣಿಯ ಅತ್ತೆ ನಿಜವಾಗಿಯೂ ಬಂದರು.

ಮುನಿಕೆಂಪಮ್ಮನ ಕಣ್ಣು ರಾಣಿಯ ನಾಡಿಯ ಅಂಕಿಯತ್ತ ಹೊರಳಿತು. ಅಷ್ಟರಲ್ಲಿ ರಾಣಿ ಬೆರಳಿನ ಕ್ಲಿಪ್ಪು ಕಿತ್ತು, ಹೊದಿಕೆಯಡಿ ಸೇರಿಸಿ, "ಬನ್ನಿ ಅತ್ತೆ, ಕೂತ್ಕೊಳಿ," ಅಂದಳು.