ಒಂದು ಸಾಲು ಜಾರಿದ ಪುಟ

ಬೆಳಕು ಈಗಷ್ಟೇ ಹರಿಯುತ್ತಿದೆ. ಅಡುಗೆಮನೆಯ ಮೇಜಿನ ಮೇಲೆ ಕರಡು ಹಾಳೆಗಳು, ಕೆಂಪು ಪೆನ್ನು, ಆರಿಹೋದ ಚಹಾ. ಅತ್ತೆ ಕನ್ನಡದ ಅರ್ಥಗಳನ್ನು ಗಟ್ಟಿಯಾಗಿ ಓದುತ್ತಾರೆ. ಎದುರಿಗೆ ಕೂತ ಸೊಸೆ ಅದಕ್ಕೆ ತಕ್ಕ ಇಂಗ್ಲಿಷ್ ಪದದ ಮೇಲೆ ಬೆರಳಿಡುತ್ತಾರೆ. ‘ಜಿಪುಣ’ ಎಂದು ಓದಿದ ಅತ್ತೆ, ಇದರ ಪಕ್ಕ ನಿನ್ನ ಮಾವನ ಫೋಟೊ ಹಾಕಿಸಬಹುದು ನೋಡು ಎನ್ನುತ್ತಾರೆ. ಸೊಸೆ ನಗುತ್ತಾರೆ. ಬೆರಳು ಮಾತ್ರ ಕದಲುವುದಿಲ್ಲ.

ಅಚ್ಚುಮನೆಯಲ್ಲಿ ಈ ಸೊಸೆಯನ್ನು ಎಲ್ಲರೂ ಕರೆಯುವುದು ‘ತಿದ್ದಕ್ಕ’ ಎಂದೇ. ಜೇಬಿಗೆ ಹಿಡಿಸುವ ಇಂಗ್ಲಿಷ್-ಕನ್ನಡ ನಿಘಂಟಿನ ಕರಡು ತಿದ್ದುವುದು ಇವರ ಕೆಲಸ. ಮುಂದೆ ಪದಗಳು, ಕೊನೆಯಲ್ಲಿ ಮಕ್ಕಳಿಗಿಡುವ ಹೆಸರುಗಳು ಮತ್ತು ಅವುಗಳ ಅರ್ಥ, ಎಲ್ಲವೂ ಅಕಾರಾದಿಯಾಗಿ. ಪುಟ ಮಡಚಲು ಸೇರಿದವರು, ಮಡಚುತ್ತಲೇ ಓದಿ ತಪ್ಪು ಹೆಕ್ಕತೊಡಗಿದಾಗ ಮಾಲೀಕರು ಕೈಗೆ ಪೆನ್ನು ಕೊಟ್ಟರು. ಸಂಜೆಯಾದರೆ ಕಣ್ಣು ಉರಿಯುತ್ತದೆ. ಅದಕ್ಕೇ ಕರಡು ಓದುವುದನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುತ್ತಾರೆ.

ಹೋದ ವರ್ಷ ಒಬ್ಬ ಬಸ್ ಚಾಲಕ ಹೊಸ ನಿಘಂಟನ್ನು ಹಿಡಿದು ಅಚ್ಚುಮನೆಗೆ ಬಂದರು. ಮಗಳ ಹೆಸರಿನ ಮುಂದೆ ‘ದುಃಖ’ ಎಂದಿತ್ತು. ಆಕೆ ಹುಟ್ಟಿದ ದಿನವೇ ತಾಯಿ ತೀರಿಕೊಂಡಿದ್ದರು. ಅದಕ್ಕೇ ಈ ಹೆಸರಿಟ್ಟರು ಎಂದುಕೊಂಡ ಹುಡುಗಿ ಯಾರು ಹೆಸರು ಹಿಡಿದು ಕರೆದರೂ ಓಗೊಡುತ್ತಿರಲಿಲ್ಲ.

ತಿದ್ದಕ್ಕ ಪುಟ ತೆರೆದು ನೋಡಿದರು. ಇವರು ತಿದ್ದಿ ಕಳಿಸಿದ ಮೇಲೆ ಯಾರೋ ಅರ್ಥಗಳ ಕಡೆ ಒಂದು ಸಾಲು ಸೇರಿಸಿದ್ದರು. ಆ ಪುಟದ ಅರ್ಥಗಳೆಲ್ಲ ಒಂದೊಂದು ಸಾಲು ಕೆಳಕ್ಕೆ ಜಾರಿ, ಒಬ್ಬರದ್ದು ಇನ್ನೊಬ್ಬರ ಪಾಲಾಗಿತ್ತು. ಮುಂದಿನ ಮುದ್ರಣದಲ್ಲಿ ಸರಿಮಾಡಿದರಾಯಿತು ಎಂದರು ಮಾಲೀಕರು. ಹಾಗಾದರೆ ಮುಂದಿನದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಇವರು ಪೆನ್ನು ಕೆಳಗಿಟ್ಟರು. ಮಾಲೀಕರು ಗೊಣಗುತ್ತಲೇ ಪುಟವನ್ನು ಮತ್ತೆ ಅಚ್ಚು ಹಾಕಿಸಿದರು. ಮಾರಾಟವಾಗದೆ ಉಳಿದ ಪ್ರತಿಗಳಿಗೆ ಅತ್ತೆ-ಸೊಸೆ ಕೂತು ಅದನ್ನು ಅಂಟಿಸಿದರು.

ಮೊದಲ ಪ್ರತಿ ಹಿಡಿದು ತಿದ್ದಕ್ಕ ಚಾಲಕರ ಮನೆಗೆ ಹೋದರು. ಹುಡುಗಿ ಹೊಸ ಪುಟವನ್ನು ಓದಿದಳು. ‘ಉಡುಗೊರೆ’ ಎಂದಿತ್ತು.

“ಇದೂ ತಪ್ಪಾಗಿದ್ರೆ?” ಎಂದಳು.

ಅಲ್ಲಿಯವರೆಗೆ ಹೆಂಡತಿಯ ಸುದ್ದಿಯನ್ನೇ ಎತ್ತದಿದ್ದ ಅಪ್ಪ ಮಗಳ ಪಕ್ಕ ಬಂದು ಕೂತರು. “ಹೆಸರು ಆರಿಸಿದ್ದು ನಿಮ್ಮಮ್ಮ ಕಣಮ್ಮ. ನೀನು ಹುಟ್ಟೋಕೆ ಮುಂಚೇನೇ. ಅರ್ಥ ಕೇಳ್ಕೊಂಡೇ ಆರಿಸಿದ್ಲು.”

ಆಮೇಲೆ ಹುಡುಗಿ ಅಮ್ಮನ ಬಗ್ಗೆ ಒಂದಾದ ಮೇಲೊಂದು ಕೇಳುತ್ತಲೇ ಹೋದಳು. ಅಪ್ಪ-ಮಗಳನ್ನು ಅವರ ಪಾಡಿಗೆ ಬಿಟ್ಟು ತಿದ್ದಕ್ಕ ಸದ್ದಿಲ್ಲದೆ ಎದ್ದು ಬಂದರು.

ಈಗ ಕೊನೆಯ ಕರಡನ್ನು ಇವರಿಗೆ ತೋರಿಸದೆ ಯಂತ್ರ ತಿರುಗುವುದಿಲ್ಲ. ನಿಘಂಟಿನಲ್ಲಿ ಕರಡು ತಿದ್ದಿದವರೆಂದು ನಿಮ್ಮ ಹೆಸರೂ ಬರಬೇಕಲ್ಲವೇ ಎಂದು ಯಾರಾದರೂ ಕೇಳಿದರೆ ಬೇಡವೆಂದು ತಲೆ ಅಲ್ಲಾಡಿಸುತ್ತಾರೆ.

“ತಪ್ಪು ಸಿಕ್ಕಿದಾಗ್ಲೇ ಜನ ನನ್ನನ್ನ ಹುಡ್ಕೊಂಡು ಬರೋದು. ಈ ವರ್ಷ ಇನ್ನೂ ಯಾರೂ ಬಂದಿಲ್ಲ, ಅಷ್ಟು ಸಾಕು.”